ಫ್ರೆಂಚ್ ಕ್ರಿಯಾಪದಗಳಲ್ಲಿ ಲುಪ್ತವರ್ಣಗಳ ವಿಚಾರ

ಫ್ರೆಂಚ್ ಭಾಷೆಯಲ್ಲಿ ಬರೆಯುವುದೊಂದು, ಓದುವುದೊಂದು ಎಂಬ ಆಕ್ಷೇಪಣೆಯುಂಟು. ಕ್ರಿಯಾಪದಗಳ ಕೊನೆಯಲ್ಲಿ ಉಚ್ಚಾರಣೆಯಿಲ್ಲದೆ ನಿಂತಿರುವ ವರ್ಣಗಳನ್ನು ಕಂಡು, ಇವು ಕೇವಲ ಲಿಪಿಯ ಭಾರವೆಂದು ಹೇಳುವವರೂ ಉಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುವೆವು. ಅಕ್ಷರವೆಂಬ ಶಬ್ದವನ್ನು ಶಿಕ್ಷಾಶಾಸ್ತ್ರದ ರೀತಿಯಲ್ಲಿ, ಒಂದು ಸ್ವರವನ್ನಾಶ್ರಯಿಸಿದ ಉಚ್ಚಾರಣೆಯ ಘಟಕವೆಂಬ ಅರ್ಥದಲ್ಲಿ ಬಳಸಿದೆ.

‘ಅವನು ಮಾತನಾಡುತ್ತಾನೆ’ ಎಂಬುದು ಫ್ರೆಂಚಿನಲ್ಲಿ ‘ಇಲ್ ಪಾರ್ಲ್’. ‘ಅವರು ಮಾತನಾಡುತ್ತಾರೆ’ ಎಂದು ಬರೆಯುವಾಗ ಸರ್ವನಾಮದ ಕೊನೆಗೆ ‘ಎಸ್’ ಎಂಬ ವರ್ಣವೂ, ಕ್ರಿಯಾಪದದ ಕೊನೆಗೆ ‘ಇ, ಎನ್, ಟಿ’ ಎಂಬ ಮೂರು ವರ್ಣಗಳೂ ಬರುವುವು. ಉಚ್ಚಾರಣೆಯು ಮಾತ್ರ ‘ಇಲ್ ಪಾರ್ಲ್’ ಎಂದೇ. ಕಿವಿಗೆ ವಚನಭೇದವಿಲ್ಲ. ಆದರೆ ‘ಪ್ರೀತಿಸು’ ಎಂಬರ್ಥದ ಸ್ವರಾದಿಯಾದ ಕ್ರಿಯಾಪದವು ಪರವಾದರೆ ಏಕವಚನವು ‘ಇ-ಲೆಮ್’ ಎಂದೂ, ಬಹುವಚನವು ‘ಇಲ್-ಜ಼ೆಮ್’ ಎಂದೂ ವಿಭಾಗವಾಗುವುದು. ಲುಪ್ತವಾಗಿದ್ದ ಸಕಾರವು ಜ಼ಕಾರವಾಗಿ ಎದ್ದು ಮುಂದಿನ ಸ್ವರವನ್ನು ಸೇರಿತು. ಹಾಗೆಯೇ ಪ್ರಶ್ನೆಯಲ್ಲಿ ಸರ್ವನಾಮವು ಕ್ರಿಯಾಪದದ ಅನಂತರ ಬಂದಾಗ ಬಹುವಚನದ ತಕಾರವು ಕೇಳಿಸಿ ‘ಪಾರ್ಲ್-ತಿಲ್’ ಎಂದಾಗುವುದು. ಏಕವಚನದ ಕ್ರಿಯಾರೂಪದಲ್ಲಿ ತಕಾರವಿಲ್ಲ. ಆದರೂ ಪ್ರಶ್ನೆಯಲ್ಲಿ ಅದೇ ಧ್ವನಿಯು ಆಗಮವಾಗಿ ಬರುವುದು.

ಇನ್ನು ಛಂದಸ್ಸಿನ ವಿಚಾರ. 1677ರಲ್ಲಿ ರಂಗಕ್ಕೆ ಬಂದ ರಾಸೀನ್ ಕವಿಯ ‘ಫೇದ್ರ್’ ನಾಟಕವು ಪಾದಕ್ಕೆ 12 ಅಕ್ಷರಗಳ ಗಣನೆಯುಳ್ಳ ‘ಅಲೆಕ್ಸಾಂದ್ರೀನ್’ ಎಂಬ ಬಂಧದಲ್ಲಿದೆ. ಇಲ್ಲಿ ಗುರುಲಘುಗಳ ನಿಯಮವಿಲ್ಲ. ಅಕ್ಷರಗಳ ಎಣಿಕೆಯೇ ಪ್ರಧಾನ. ಇಂತಹ ಪಾದಗಳ ಮಧ್ಯದಲ್ಲಿ ವ್ಯಂಜನವು ಪರವಾದರೆ, ಮಾತಿನಲ್ಲಿ ಏಕಾಕ್ಷರವಾದ ‘ಪಾರ್ಲ್’ ಎಂಬುದು ಉಭಯವಚನಗಳಲ್ಲಿಯೂ ‘ಪಾರ್-ಲ’ ಎಂದು ಎರಡು ಅಕ್ಷರವಾಗುವುದು. ‘ಆ’ ಎಂಬ ಸ್ವರವು ಪರವಾದರೆ ಏಕವಚನದಲ್ಲಿ ಅಂತ್ಯಸ್ವರವು ಲೋಪವಾಗಿ ‘ಪಾರ್-ಲಾ’ ಎಂದು ಎರಡೇ ಅಕ್ಷರಗಳು. ಬಹುವಚನದಲ್ಲಿ ತಕಾರವು ಅಡ್ಡನಿಂತು ಸ್ವರವನ್ನು ರಕ್ಷಿಸುವುದರಿಂದ ‘ಪಾರ್-ಲ-ತಾ’ ಎಂದು ಮೂರು. ಪಾದಾಂತ್ಯದಲ್ಲಿ ಈ ದುರ್ಬಲ ಸ್ವರಕ್ಕೆ ಎಣಿಕೆಯಿಲ್ಲ. ‘ಮಾತನಾಡುತ್ತಿದ್ದರು’ ಎಂಬರ್ಥದ ರೂಪವು ಇದಕ್ಕೆ ಅಪವಾದ. ಅದರ ಕೊನೆಯಲ್ಲಿ ಅವೇ ಮೂರು ವರ್ಣಗಳಿದ್ದರೂ ‘ಪಾರ್-ಲೆ’ ಎಂದು ಎರಡೇ ಅಕ್ಷರಗಳು.

ಲೋಪವೆಂದರೆ ಕಾಣದಿರುವುದೇ ಹೊರತು ಸರ್ವಥಾ ಅಭಾವವಲ್ಲವೆಂದೂ, ಪ್ರತ್ಯಯವು ಲೋಪಿಸಿದರೂ ತನ್ನಿಮಿತ್ತವಾದ ಕಾರ್ಯವು ನಡೆಯುವುದೆಂದೂ ಪಾಣಿನೀಯರ ಮತ. ಎರಡು ಭಾಷೆಗಳ ಚರಿತ್ರೆಯು ಬೇರೆಯಾದರೂ ಈ ನ್ಯಾಯವು ಇಲ್ಲಿಗೂ ಸಲ್ಲುವುದು. ಆದುದರಿಂದ ಫ್ರೆಂಚ್ ಪದ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು ಪಾಠಹೇಳುವವರು ಸಂಭಾಷಣೆಯ ಉಚ್ಚಾರಣೆಯನ್ನೇ ಅನುಸರಿಸಿದರೆ ಪಾದವು ಕುಂಟುವುದು. ವಿದ್ಯಾರ್ಥಿಯು ಆ ದೋಷವನ್ನು ಕವಿಯ ಮೇಲೆ ಹೊರಿಸುವನು. ದೋಷವು ಕವಿಯದಲ್ಲ, ಓದಿನದು.