ಬೆಕ್ಕಿನ ಬಾಯಿಯನ್ನೂ ನೋಡಬೇಕು

ಊರು ಬಿಟ್ಟು ಬಂದು ಚೆನ್ನೈಯಲ್ಲಿ ನೆಲಸಿದ ನಮ್ಮವರ ಅನೇಕ ಮನೆಗಳಲ್ಲಿ ಬೆಕ್ಕಿಗೊಂದು ಸ್ಥಾನವುಂಟು. ಊರಿನ ಕೊಟ್ಟಿಗೆಯ ಆಕಳಿಗೆ ಸಲ್ಲುತ್ತಿದ್ದ ಮಮತೆಯ ಒಂದು ಪಾಲು ಇಲ್ಲಿ ಅದಕ್ಕೆ ಸಂದಿದೆಯೆಂದರೂ ತಪ್ಪಾಗದು. ಆದರೆ ಆಕಳ ಹಲ್ಲು ನೋಡಿ ವಯಸ್ಸು ಹೇಳಬಲ್ಲ ಹಿರಿಯರು ಕೂಡ ಬೆಕ್ಕಿನ ಬಾಯಿಯೊಳಗೆ ಇಣಿಕಿ ನೋಡಿದವರಲ್ಲ. ನಾವೂ ನೋಡಿದವರಲ್ಲ. ಅದರ ಫಲವನ್ನು ಅನುಭವಿಸಿದ ಮೇಲೆ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೈಲಾಪುರದ ನಮ್ಮ ಮನೆಯಲ್ಲಿ ಏಳು ತಿಂಗಳ ಮರಿಯೊಂದಿತ್ತು. ಒಂದು ದಿನ ಅದು ತಟ್ಟೆಯ ಬಳಿ ಬಂದು, ಮೂಸಿ, ತಿನ್ನದೆ ಹಿಂದಿರುಗಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮುಂಗಾಲಿನಿಂದ ದವಡೆಯನ್ನು ಕೆರೆದುಕೊಳ್ಳುತ್ತಿತ್ತು. ಹಸಿವಾದರೆ ತಾನಾಗಿ ತಿಂದೀತೆಂದು ನಾವು ಸುಮ್ಮನಾದೆವು. ಮರುದಿನ ವಾಂತಿ ಆರಂಭವಾಯಿತು. ಪಶುವೈದ್ಯರು ಅದರ ನಾಲಗೆಯನ್ನು ಮೇಲೆತ್ತಿ ತೋರಿಸಿದಾಗ ಬುಡದಲ್ಲಿ ಬಿಳಿಯ ದಾರವೊಂದು ಸುತ್ತಿಕೊಂಡಿತ್ತು. ದೇವರ ಪಟದಿಂದ ಇಳಿಸಿಟ್ಟ ಬಾಡಿದ ಮಲ್ಲಿಗೆ ಮಾಲೆಯ ದಾರ! ಅದರ ಇನ್ನೊಂದು ತುದಿ ಕರುಳಿಗೆ ಇಳಿದಿತ್ತು. ಎಳೆಯಲು ಕೈ ಚಾಚಿದ ನಮ್ಮನ್ನು ಅವರು ತಡೆದರು. ಬಿಗಿದ ದಾರವನ್ನು ಎಳೆದರೆ ಅದು ಕರುಳನ್ನೇ ಕೊಯ್ದುಬಿಡುವುದಂತೆ. ಶಸ್ತ್ರಚಿಕಿತ್ಸೆಯಾಗಿ ಮರಿ ಬದುಕಿತು. ನಾವು ಕಳೆದ ಆ ಒಂದು ದಿನ ಮಾತ್ರ ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತಿದೆ.

ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಅದು ಅಳುವುದಿಲ್ಲ, ನಡತೆಯನ್ನಷ್ಟೆ ಬದಲಿಸುತ್ತದೆ. ತಲೆಯನ್ನು ಓರೆ ಮಾಡಿ ಒಂದೇ ಮಗ್ಗುಲಲ್ಲಿ ಅಗಿಯುವುದು, ತುತ್ತನ್ನು ಬಾಯಿಂದ ಕೆಡಹುವುದು, ಹಸಿದು ಬಂದರೂ ತಟ್ಟೆಯಿಂದ ಹಿಮ್ಮೆಟ್ಟುವುದು, ಮೈ ನೆಕ್ಕಿಕೊಳ್ಳದೆ ರೋಮ ಒರಟಾಗುವುದು, ಬಾಯಿ ನಾರುವುದು: ಇವೆಲ್ಲ ಅದರ ದೂರುಗಳು.

ಮರಿಯ ಬಾಯಲ್ಲಿ ಸಹಜವಾದುದೇನು ಎಂಬುದನ್ನೂ ತಿಳಿದಿರಬೇಕು. ಹಾಲುಹಲ್ಲುಗಳು 26. ಮೂರೂವರೆ ನಾಲ್ಕು ತಿಂಗಳಿಂದ ಅವು ಬೀಳತೊಡಗಿ, ಆರು ತಿಂಗಳ ಹೊತ್ತಿಗೆ 30 ಶಾಶ್ವತ ಹಲ್ಲುಗಳು ಬರುತ್ತವೆ. ನೆಲದ ಮೇಲೆ ಅಕ್ಕಿಕಾಳಿನಂಥ ಹಲ್ಲು ಸಿಕ್ಕಿದರೆ ಗಾಬರಿಪಡಬೇಕಾಗಿಲ್ಲ. ಆದರೆ ಹಳೆಯ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲಿಯೇ ನಿಂತಿದ್ದರೆ ಸಂದಿಯಲ್ಲಿ ಆಹಾರ ಸಿಲುಕಿ ಒಸಡು ಕೆಡುತ್ತದೆ. ಅದನ್ನು ವೈದ್ಯರಿಂದ ತೆಗೆಸಬೇಕು. ಹಲ್ಲು ಬರುವಾಗ ಒಸಡು ಕೊಂಚ ಕೆಂಪಾಗುವುದುಂಟು. ಹಲ್ಲು ಬಂದ ಮೇಲೂ ಅಂಚಿನಲ್ಲಿ ಕೆಂಪುಗೆರೆ ಉಳಿದು, ರಕ್ತ ಒಸರಿದರೆ ಅದು ರೋಗ. ನಾಲಗೆಯ ಮೇಲೆ ಹುಣ್ಣಾಗಿ ಸೀನು, ಜ್ವರಗಳೂ ಇದ್ದರೆ ಕ್ಯಾಲಿಸಿವೈರಸ್ ಸೋಂಕನ್ನು ಶಂಕಿಸಬೇಕು. ಈ ಸೋಂಕಿನ ಉಗ್ರತೆಯನ್ನು ತಗ್ಗಿಸುವ ಲಸಿಕೆ ಉಂಟು. ಒಸಡು ಬಿಳಿಚಿದರೆ, ಹಳದಿಯಾದರೆ ಅಥವಾ ನೀಲಿಗಟ್ಟಿದರೆ ಕ್ಷಣವೂ ತಡಮಾಡಬಾರದು.

ಪರೀಕ್ಷಿಸುವ ಕ್ರಮ ಕಷ್ಟದ್ದಲ್ಲ. ವಾರಕ್ಕೊಮ್ಮೆ, ಮರಿ ಆಟವಾಡಿ ದಣಿದಿರುವಾಗ, ಬೆಳಕಿರುವ ಕಿಟಕಿಯ ಬಳಿ ಮಡಿಲಲ್ಲಿ ಕೂರಿಸಿಕೊಳ್ಳಿರಿ. ಮೊದಮೊದಲು ಕೆನ್ನೆಯನ್ನಷ್ಟೆ ಸವರಿದರೆ ಸಾಕು. ಪಳಗಿದ ಮೇಲೆ ಹೆಬ್ಬೆರಳಿನಿಂದ ಮೇಲ್ದುಟಿಯನ್ನೆತ್ತಿ ಎರಡು ಮಗ್ಗುಲ ಹಲ್ಲು, ಒಸಡುಗಳನ್ನು ನೋಡಿರಿ. ಬಳಿಕ ತಲೆಯನ್ನು ಮೇಲಿನಿಂದ ಮೆಲ್ಲನೆ ಹಿಡಿದು ಹಿಂದಕ್ಕೆ ಬಾಗಿಸಿ, ಕೆಳದವಡೆಯ ಮುಂದಿನ ಹಲ್ಲುಗಳನ್ನು ಬೆರಳಿನಿಂದ ಒತ್ತಿದರೆ ಬಾಯಿ ತೆರೆಯುವುದು. ಗದ್ದದ ಅಡಿಯಿಂದ ಹೆಬ್ಬೆರಳನ್ನು ಮೃದುವಾಗಿ ಮೇಲಕ್ಕೊತ್ತಿದರೆ ನಾಲಗೆ ಏಳುತ್ತದೆ. ಅದರ ಅಡಿಯನ್ನು ತಪ್ಪದೆ ನೋಡಿರಿ. ಮರಿ ಒಲ್ಲೆನೆಂದರೆ ಬಲಾತ್ಕಾರ ಬೇಡ.

ಕೆಲವು ಎಚ್ಚರಿಕೆಗಳು ಅವಶ್ಯ. ನಮ್ಮ ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆ ಬೆಕ್ಕಿಗೆ ಹಾನಿಕರ. ಪ್ಯಾರಾಸಿಟಮಾಲ್ ಅದಕ್ಕೆ ವಿಷ. ಒಂದೇ ಮಾತ್ರೆ ಪ್ರಾಣವನ್ನು ತೆಗೆಯಬಲ್ಲುದು. ಮನುಷ್ಯರ ಟೂತ್‌ಪೇಸ್ಟೂ ಸಲ್ಲದು. ಇನ್ನು, ಜೊಲ್ಲು ಸುರಿಸುತ್ತ, ನುಂಗಲಾರದೆ, ಸ್ವಭಾವವೇ ಬದಲಾದ ಪ್ರಾಣಿಯ ಬಾಯಿಗೆ ಕೈ ಹಾಕಲೇ ಬೇಡಿರಿ. ಅದು ರೇಬಿಸ್ ಇರಬಹುದು. ಬೆಕ್ಕು ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಗೆ ಈ ನಗರದಲ್ಲಿ ಕೊರತೆಯಿಲ್ಲ. 1903ರಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜು ವೇಪೇರಿಯಲ್ಲಿದೆ. ಅದರ ಆಸ್ಪತ್ರೆಯಲ್ಲಿ ಬೆಕ್ಕುಗಳನ್ನೂ ನೋಡುತ್ತಾರೆ. ಕೊರತೆಯಿರುವುದು ಮನೆಯವರಾದ ನಮ್ಮ ಗಮನದಲ್ಲಿ. ಬೆಕ್ಕು ಇಡೀ ದಿನ ಆಹಾರ ಮುಟ್ಟದಿದ್ದರೆ ಅದು ಜಂಬವಲ್ಲ, ವ್ಯಾಧಿಯೆಂದೇ ತಿಳಿಯಬೇಕು. ಎಳೆಯ ಮರಿಯಾದರೆ ಅಷ್ಟು ಹೊತ್ತೂ ಕಾಯಬಾರದು.

ಈಗ ನಮ್ಮ ಮನೆಯಲ್ಲಿ ನಿರ್ಮಾಲ್ಯದ ಹೂವನ್ನು ಮುಚ್ಚಳವಿರುವ ಡಬ್ಬಿಗೆ ಹಾಕುತ್ತೇವೆ. ಪ್ರತಿ ಭಾನುವಾರ ಬೆಳಗ್ಗೆ ಮರಿಯ ಬಾಯಿ ನೋಡುತ್ತೇವೆ. ಎರಡು ನಿಮಿಷದ ಕೆಲಸವಷ್ಟೆ. ವಾಚಕರೂ ಈ ಭಾನುವಾರವೇ ಆರಂಭಿಸಲೆಂದು ನಮ್ಮ ಬಿನ್ನಹ.