ಊರಿಗೂ ಒಂದು ಕುರ್ಚಿ

2013ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಶುರುವಾದ ಒಂದು ಸಭೆಯಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾ ಮೂರಕ್ಕೂ ಸೇರಿ ಸಿಕ್ಕಿದ್ದು ಒಂದೇ ಸ್ಥಾನ. ಇರಾನ್, ಜಪಾನ್, ನೇಪಾಳಕ್ಕೆ ಸೇರಿ ಇನ್ನೊಂದು. ಇದ್ದದ್ದು 30 ಸ್ಥಾನ, ಬೇಕೆಂದು ಬಂದವು 70 ದೇಶ. ಯಾರನ್ನೂ ಹೊರಗಿಡಲು ಮನಸ್ಸಾಗದೆ ಇಬ್ಬಿಬ್ಬರನ್ನು, ಮೂವರು ಮೂವರನ್ನು ಒಂದೊಂದು ಸ್ಥಾನಕ್ಕೆ ಹೊಂದಿಸಿದರು. 2015ರಿಂದ 2030ರವರೆಗೆ ಲೋಕವೆಲ್ಲ ಯಾವ ಗುರಿ ಹಿಡಿದು ನಡೆಯಬೇಕು ಎಂದು ಬರೆಯುವ ಕೆಲಸ ಆ ಸಭೆಯದು. ಕೆನ್ಯಾದ ಮಚಾರಿಯಾ ಕಮಾವು, ಹಂಗೆರಿಯ ಚಾಬಾ ಕೊರೊಷಿ ಜೊತೆಯಾಗಿ ಅಧ್ಯಕ್ಷತೆ ವಹಿಸಿದ್ದರು.

ಅದಕ್ಕೆ ಹಿಂದಿನ ಗುರಿಗಳ ಪಟ್ಟಿ ಹುಟ್ಟಿದ ಬಗೆ ನೆನೆದರೆ ಈ ನೂಕುನುಗ್ಗಲಿನ ಬೆಲೆ ತಿಳಿಯುತ್ತದೆ. 2000ದ ಸೆಪ್ಟೆಂಬರ್‌ನಲ್ಲಿ ದೇಶಗಳೆಲ್ಲ ಸಹಸ್ರಮಾನ ಘೋಷಣೆಯನ್ನು ಒಪ್ಪಿದವು. ಅದರಿಂದ 8 ಗುರಿಗಳನ್ನು ಹೆಕ್ಕಿದವರು ಮಾತ್ರ ನೆಲಮಾಳಿಗೆಯ ಕೋಣೆಯಲ್ಲಿ ಕುಳಿತ ಕೆಲವೇ ಅಧಿಕಾರಿಗಳು. ಆಗ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಮಾರ್ಕ್ ಮ್ಯಾಲಕ್ ಬ್ರೌನ್ ಮುಂದೊಂದು ದಿನ ಇದನ್ನು ಹೇಳಿಕೊಂಡರು. ಪಟ್ಟಿ ಅಚ್ಚಿಗೆ ಹೋಗುವ ಹೊತ್ತಿಗೆ ಕಾರಿಡಾರ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯಸ್ಥರು ಎದುರಾದರಂತೆ. ಅವರ ಮುಖ ಕಂಡಾಗಲೇ ಹೊಳೆದದ್ದು, ಪರಿಸರದ ಗುರಿಯನ್ನೇ ಮರೆತಿದ್ದೇವೆ ಎಂದು. ಓಡಿಹೋಗಿ ಸೇರಿಸಿದರು. ಕೋಣೆಯಲ್ಲಿ ಇಲ್ಲದವರು ಪಟ್ಟಿಯಲ್ಲೂ ಇರುವುದಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯ ಸಲ ಹಾಗಾಗಲಿಲ್ಲ. 13 ಅಧಿವೇಶನಗಳು ನಡೆದವು. ಮೊದಲ ಎಂಟು ಬರೀ ಕೇಳಿಸಿಕೊಳ್ಳುವುದಕ್ಕೆ: ನೀರು, ಮಣ್ಣು, ಉದ್ಯೋಗ, ಸಾಗರ, ಹೆಣ್ಣುಮಕ್ಕಳ ಬದುಕು, ಹೀಗೆ ಒಂದೊಂದಾಗಿ. ಉಳಿದ ಐದರಲ್ಲಿ ಜಗ್ಗಾಟ. ಕೊನೆಯ ಅಧಿವೇಶನ ರಾತ್ರಿಯಿಡೀ ಎಳೆದು, 2014ರ ಜುಲೈ 19ರ ಶನಿವಾರ 17 ಗುರಿ, 169 ಗುರಿಯಂಶಗಳ ಪಟ್ಟಿಯಾಗಿ ಮುಗಿಯಿತು. ಮರುವರ್ಷ ಸೆಪ್ಟೆಂಬರ್ 25ರಂದು 193 ದೇಶಗಳು ಅದಕ್ಕೆ ಒಪ್ಪಿಗೆ ಕೊಟ್ಟವು. ಸುಸ್ಥಿರ ಅಭಿವೃದ್ಧಿ ಗುರಿಗಳು ಎಂದು ನಮ್ಮ ಶಾಲೆಯ ಗೋಡೆಗಳ ಮೇಲೂ ಬಣ್ಣದ ಚೌಕಗಳಾಗಿ ಬಂದಿರುವುದು ಇವೇ.

ಆ 17ರಲ್ಲಿ ಹನ್ನೊಂದನೆಯದಾದ ನಗರಗಳ ಗುರಿಯ ಹಿಂದೆ ಬೆಂಗಳೂರಿನ ಕೈಯಿದೆ. ನಗರಗಳಿಗೆಂದೇ ಬೇರೆ ಗುರಿ ಬೇಕೇ ಎಂಬ ಪ್ರಶ್ನೆ ಆಗ ದೊಡ್ಡದಾಗಿತ್ತು. ನೀರು, ಆರೋಗ್ಯದಂಥವಕ್ಕೆಲ್ಲ ಪ್ರತ್ಯೇಕ ಗುರಿಗಳಿರುವಾಗ ನಗರ ಎಂಬುದು ಅವೆಲ್ಲ ನಡೆಯುವ ಜಾಗ ಅಷ್ಟೇ, ಅದೇ ಒಂದು ವಿಷಯವಲ್ಲ ಎಂಬುದು ಒಂದು ವಾದ. ಹಳ್ಳಿಯ ಪಾಲನ್ನು ನಗರ ಈಗಾಗಲೇ ಕಬಳಿಸುತ್ತಿದೆ ಎಂಬ ಅಳುಕೂ ಇತ್ತು, ಅದು ಸುಳ್ಳಲ್ಲ. ನಗರದ ಗುರಿ ಬೇಕೆಂದು ಪಟ್ಟು ಹಿಡಿದವರಲ್ಲಿ ಮುಂದಾಳುಗಳು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟಲ್‌ಮೆಂಟ್ಸ್‌ನ ನಿರ್ದೇಶಕ ಅರೋಮರ್ ರೇವಿ ಮತ್ತು ನ್ಯೂಯಾರ್ಕ್‌ನ ನಾಸಾ ಗೊಡಾರ್ಡ್ ಸಂಸ್ಥೆಯ ಹವಾಮಾನ ವಿಜ್ಞಾನಿ ಸಿಂಥಿಯಾ ರೋಸೆನ್‌ಜ್ವೈಗ್. ಕೆರೆ ಮುಚ್ಚಿ ಬಡಾವಣೆ ಎದ್ದ ಊರಿನವರೊಬ್ಬರು, ಸಮುದ್ರ ಏರಿಬರುತ್ತಿರುವ ಊರಿನವರೊಬ್ಬರು. ಗುರಿ ಉಳಿಯಿತು.

ಗುರಿಯ ವಾಕ್ಯ ಎಷ್ಟು ದೊಡ್ಡದಾಗಿದ್ದರೂ ಅದರ ಜೀವ ಅಳತೆಗೋಲಿನಲ್ಲಿದೆ. ಎಲ್ಲರಿಗೂ ಸುರಕ್ಷಿತ, ಕೈಗೆಟುಕುವ ಸಾರಿಗೆ ಎಂದು ಬರೆದರೆ ಸಾಲದು, ಎಟುಕಿತು ಎಂದು ಯಾವಾಗ ಲೆಕ್ಕ? ಬಸ್ ನಿಲ್ದಾಣ 500 ಮೀಟರ್ ನಡಿಗೆಯೊಳಗೆ, ರೈಲು ಮೆಟ್ರೊ ಆದರೆ 1 ಕಿಲೋಮೀಟರ್ ಒಳಗೆ ಇರಬೇಕು ಎಂದು ಸೂಚಕ ಹೇಳುತ್ತದೆ. ಆ ನಿಲ್ದಾಣಕ್ಕೆ ದಿನಕ್ಕೆ ಎಷ್ಟು ಬಸ್ ಬರುತ್ತವೆ, ಮುದುಕಿಯೊಬ್ಬಳು ಹತ್ತುವಷ್ಟು ತಗ್ಗಿನ ಮೆಟ್ಟಿಲಿದೆಯೇ ಎಂಬುದನ್ನು ಆ 500 ಮೀಟರ್ ಹೇಳುವುದಿಲ್ಲ. ಆದರೂ ಅಳತೆ ಇಲ್ಲದ ಗುರಿಗಿಂತ ಕೊರತೆಯ ಅಳತೆಯೇ ಮೇಲು. ಜಗಳವಾಡಲು ಒಂದು ಅಂಕಿಯಾದರೂ ಸಿಗುತ್ತದೆ.

ಹಡ್ಸನ್ ನದಿಯ ಈಚೆ ದಡದಲ್ಲಿ, ನ್ಯೂಜೆರ್ಸಿಯಲ್ಲಿ, ಇಷ್ಟು ವರ್ಷ ಬದುಕಿದ ನನಗೆ ಈ ಗುರಿಗಳು ಕಾಗದದ ಮಾತೆನಿಸುವುದಿಲ್ಲ. ಇಲ್ಲಿಗೆ ನೀರು ಬಂದಿದೆ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ಮ್ಯಾನ್‌ಹಟನ್‌ನ ತುದಿಯಲ್ಲಿ ನೀರಿನ ಮಟ್ಟ ಸುಮಾರು 14 ಅಡಿಗೆ ಏರಿತು. ಈಸ್ಟ್ ನದಿ ವಿಶ್ವಸಂಸ್ಥೆಯ ನೆಲಮಾಳಿಗೆಗೇ ನುಗ್ಗಿತು. ಮೂರು ದಿನ ಕಟ್ಟಡದ ಬಾಗಿಲು ಮುಚ್ಚಿತ್ತು. ಹೊಸ ಗುರಿಗಳನ್ನು ಬರೆಯೋಣ ಎಂದು ರಿಯೊ ಡಿ ಜನೈರೊದಲ್ಲಿ ದೇಶಗಳು ತೀರ್ಮಾನಿಸಿ ಆಗ ನಾಲ್ಕು ತಿಂಗಳು. ಹಡ್ಸನ್‌ನ ನಮ್ಮ ದಡದ ಹೊಬೋಕನ್‌ನಲ್ಲಿ, ಒಂದು ಚದರ ಮೈಲಿಯಷ್ಟೇ ಇರುವ ಆ ಊರಿನಲ್ಲಿ, ಹಳೆಯ ಕಾಲದ ಜೌಗುನೆಲ ತನ್ನ ಜಾಗವನ್ನು ಮರಳಿ ಕೇಳಿದಂತೆ ನೀರು ದಿನಗಟ್ಟಲೆ ನಿಂತಿತು. ಅದೇ ಊರು 2023ರ ಜೂನ್‌ನಲ್ಲಿ ಸುಮಾರು ಐದು ಎಕರೆಯ ಉದ್ಯಾನವೊಂದನ್ನು ತೆರೆದಿದೆ. ಮಕ್ಕಳು ಚೆಂಡಾಡುವ ಅಂಗಳ ಜೋರು ಮಳೆಯಲ್ಲಿ ಕೆರೆಯಾಗುತ್ತದೆ. ಅಂಗಳ, ನೆಲದಡಿಯ ತೊಟ್ಟಿ ಎಲ್ಲ ಸೇರಿ 20 ಲಕ್ಷ ಗ್ಯಾಲನ್, ಅಂದರೆ ಸುಮಾರು 75 ಲಕ್ಷ ಲೀಟರ್ ಮಳೆನೀರು ಹಿಡಿಯುತ್ತದೆ. ಕೆರೆ ಕಟ್ಟಿದವರ ಮೊಮ್ಮಕ್ಕಳಾದ ನಮಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಬಾಲ ಬಂತು. ಗೌರಿ ಹಬ್ಬಕ್ಕೆ ಎಂಟು ದಿನ ಇತ್ತು. ಸೆಂಟ್ರಲ್ ಪಾರ್ಕ್‌ನಲ್ಲಿ ಒಂದೇ ಗಂಟೆಯಲ್ಲಿ 3.15 ಇಂಚು ಮಳೆ. ನಗರದ ಚರಂಡಿಗಳನ್ನು ಕಟ್ಟಿರುವುದು ಗಂಟೆಗೆ ಸುಮಾರು 1.75 ಇಂಚಿನ ಲೆಕ್ಕದಲ್ಲಿ. ನ್ಯೂಯಾರ್ಕ್ ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿದ್ದವರು. ನ್ಯೂಜೆರ್ಸಿಯಲ್ಲಿ 30 ಜನ ಹೋದರು. ರಾರಿಟನ್ ನದಿಯ ಸೀಮೆಯಲ್ಲಿರುವ ಗೆಳತಿಯ ಮನೆಗೆ ಮಾರನೆಯ ಬೆಳಿಗ್ಗೆ ಹೋದಾಗ ಬೇಸ್‌ಮೆಂಟ್‌ನಲ್ಲಿ ಮೊಣಕಾಲುದ್ದ ನೀರು. ದಸರಾ ಗೊಂಬೆಗಳ ಪೆಟ್ಟಿಗೆ ಅದರ ಮೇಲೆ ತೇಲುತ್ತಿತ್ತು. ಹಾಸನದಿಂದ ಬಂದಿದ್ದ ಅವಳ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. “ಹೊಳೆ ಬಂದ್ರೆ ಬಾಗ್ಲಿಂದ ಬರುತ್ತೆ ಕಣಮ್ಮ, ಇದು ನೆಲದೊಳಗಿಂದ ಉಕ್ತು” ಎಂದರು. ನಿಜ. ತುಂಬಿದ ಚರಂಡಿ ಒಳಕ್ಕೆ ತಿರುಗಿತ್ತು.

ಹವಾಮಾನ ವೈಪರೀತ್ಯಕ್ಕೆ ಊರುಗಳು ಸಜ್ಜಾಗಬೇಕು ಎಂದು ಗುರಿಗಳ ಪಟ್ಟಿಯಲ್ಲೂ ಇದೆ. ಆದರೆ ಒಪ್ಪಿಕೊಂಡದ್ದು ದೇಶ, ಚರಂಡಿ ಊರಿನದು. ನನ್ನ ತಕರಾರೆಲ್ಲ ಇಷ್ಟೇ, ಮತ್ತು ಮುಂದಿನ ಪಟ್ಟಿಯ ಬಗ್ಗೆ ನನಗಿರುವ ಒಂದೇ ಆಸೆಯೂ ಇದರೊಳಗೇ ಇದೆ.

ಒಂದು ಊರು ಗುರಿಯೊಂದನ್ನು ಮುಟ್ಟುವುದು ಹೇಗಿರುತ್ತದೆ ಎಂದು ನೋಡಬೇಕಾದರೆ ನ್ಯೂವಾರ್ಕ್‌ಗೆ ಬರಬೇಕು. ವಿಮಾನ ನಿಲ್ದಾಣದ ಹೆಸರಾಗಿ ಮಾತ್ರ ನಮ್ಮವರಿಗೆ ಗೊತ್ತಿರುವ ಊರು. ಬೀದಿಯ ದೊಡ್ಡ ಕೊಳವೆಯಿಂದ ಮನೆಗೆ ನೀರು ತರುವ ಸಣ್ಣ ಕೊಳವೆಗಳು ಇಲ್ಲಿ ಸೀಸದವಾಗಿದ್ದವು. ಕೊಳವೆ ಕರಗದಂತೆ ನೀರಿಗೆ ಬೆರೆಸುತ್ತಿದ್ದ ರಾಸಾಯನಿಕ ಕೈಕೊಟ್ಟಿತು, ನಲ್ಲಿಯಲ್ಲಿ ಸೀಸ ಬಂತು. ಮಕ್ಕಳ ಮಿದುಳಿಗೆ ಅದು ವಿಷ. ಶಿಕ್ಷಕರ ಗುಂಪೊಂದು ಪರಿಸರ ಸಂಘಟನೆಯ ಜೊತೆಗೂಡಿ 2018ರಲ್ಲಿ ಕೋರ್ಟಿಗೆ ಹೋಯಿತು. 2019ರ ಆಗಸ್ಟ್‌ನಲ್ಲಿ ಜನ ಬಾಟಲಿ ನೀರಿಗೆ ಸಾಲು ನಿಂತರು. ಕೊಳವೆ ಬದಲಿಸಲು ಹತ್ತು ವರ್ಷದ ಹತ್ತಿರ ಬೇಕು ಎಂಬುದು ಮೊದಲ ಅಂದಾಜು. ಆಮೇಲೆ ಎಸೆಕ್ಸ್ ಕೌಂಟಿ 12 ಕೋಟಿ ಡಾಲರ್ ಸಾಲ ಎತ್ತಿಕೊಟ್ಟಿತು. ಮನೆಯವರಿಂದ ಬಿಡಿಗಾಸೂ ಕೇಳುವುದಿಲ್ಲ ಎಂದು ತೀರ್ಮಾನವಾಯಿತು. ಬಹಳ ಮನೆಗಳಲ್ಲಿ ಇದ್ದವರು ಬಾಡಿಗೆದಾರರು, ಮಾಲೀಕರು ಎಲ್ಲಿದ್ದಾರೋ ಪತ್ತೆಯಿಲ್ಲ. ಅದಕ್ಕೆ ಮಾಲೀಕರ ಒಪ್ಪಿಗೆಗೆ ಕಾಯದೆ ಕೊಳವೆ ಅಗೆದು ಬದಲಿಸಬಹುದೆಂದು ನಗರ ತನ್ನದೇ ಕಾನೂನು ಮಾಡಿಕೊಂಡಿತು. ಮೂರು ವರ್ಷದೊಳಗೆ 23,000ಕ್ಕೂ ಹೆಚ್ಚು ಕೊಳವೆಗಳು ಬದಲಾದವು.

ಎಲ್ಲರಿಗೂ ಶುದ್ಧ ಕುಡಿಯುವ ನೀರು ಎಂಬ ಆರನೆಯ ಗುರಿಯ ಮೊದಲ ಸಾಲನ್ನೂ ಈ ಕೆಲಸವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗುರಿಯಲ್ಲಿ ಆಸೆ ಇದೆ, ಗಡುವಿದೆ. ನ್ಯೂವಾರ್ಕ್‌ನಲ್ಲಿ ಇವೆರಡರ ಜೊತೆಗೆ ಎಷ್ಟು ಕೊಳವೆ, ಯಾರ ದುಡ್ಡು, ಯಾರು ಅಗೆಯಬೇಕು, ಅಡ್ಡಿ ಬಂದರೆ ಯಾವ ಕಾನೂನು ಎಂಬುದೂ ಇತ್ತು. ಕೋರ್ಟಿಗೆಳೆಯಬಲ್ಲ ಜನರೂ ಇದ್ದರು.

ಗುರಿ ಕೈಗೂಡುವುದು ತಮ್ಮಲ್ಲೇ ಎಂಬುದನ್ನು ಊರುಗಳು ತಾವಾಗಿಯೇ ಅರಿತುಕೊಂಡಿವೆ. ಗುರಿಗಳ ಪ್ರಗತಿಯ ವರದಿಯನ್ನು ದೇಶಗಳು ಪ್ರತಿ ಜುಲೈನಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿಸುತ್ತವೆ, ಅದೂ ಇಷ್ಟವಿದ್ದರೆ. 2018ರ ಜುಲೈನಲ್ಲಿ ನ್ಯೂಯಾರ್ಕ್ ನಗರ ಯಾರೂ ಕೇಳದಿದ್ದರೂ ತನ್ನದೇ ವರದಿಯನ್ನು ಅಲ್ಲಿಗೆ ಒಯ್ದಿತು. ಲೋಕದಲ್ಲಿ ಒಂದು ನಗರ ಹಾಗೆ ಮಾಡಿದ್ದು ಅದೇ ಮೊದಲು. ಜಪಾನಿನ ಮೂರು ಊರುಗಳು, ಮರುವರ್ಷ ಹೆಲ್ಸಿಂಕಿ, ಲಾಸ್ ಏಂಜಲೀಸ್ ಹೀಗೆ ಸಾಲು ಬೆಳೆಯಿತು. 2025ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಈ ಗುರಿಗಳನ್ನು ತಿರಸ್ಕರಿಸುವುದಾಗಿ ಮಹಾಸಭೆಯಲ್ಲೇ ಹೇಳಿತು. ಅದನ್ನು ಕೇಳಿದ ದಿನ ನನಗೆ ನಿಜವಾಗಿ ಸಂಕಟವಾಯಿತು. ಆದರೆ ದೇಶ ಕೈಬಿಟ್ಟ ಗುರಿಯನ್ನು ಊರು ಹಿಡಿದುಕೊಳ್ಳಲು ದಾರಿ ತೆರೆದಿರುವುದು ಆ 2018ರ ವರದಿಯಿಂದಲೇ.

ಲೆಕ್ಕ ನೋಡಿದರೆ ಎದೆ ಭಾರವಾಗುತ್ತದೆ. ವಿಶ್ವಸಂಸ್ಥೆಯ 2025ರ ವರದಿಯಂತೆ ಮಾಹಿತಿ ಸಿಕ್ಕ ಗುರಿಯಂಶಗಳಲ್ಲಿ ಸರಿದಾರಿಯಲ್ಲಿರುವವು, ತಕ್ಕಮಟ್ಟಿಗೆ ಸಾಗಿರುವವು ಎರಡೂ ಸೇರಿ ಶೇ 35 ಮಾತ್ರ. ಅರ್ಧದಷ್ಟು ತೆವಳುತ್ತಿವೆ. ಶೇ 18 ಹಿಂದಕ್ಕೆ ಜಾರಿವೆ. 2030ರ ಆಚೆಗೆ ಏನು ಎಂಬುದನ್ನು 2027ರ ಸೆಪ್ಟೆಂಬರ್‌ನ ಶೃಂಗಸಭೆಯಲ್ಲಿ ಕೈಗೆತ್ತಿಕೊಳ್ಳಬೇಕೆಂದು 2024ರಲ್ಲಿ ದೇಶಗಳು ವಿಶ್ವಸಂಸ್ಥೆಯಲ್ಲಿ ಒಪ್ಪಿದ ‘ಭವಿಷ್ಯದ ಒಪ್ಪಂದ’ ಹೇಳುತ್ತದೆ. 17 ಬಹಳವಾಯಿತು, ಮತ್ತೆ ಎಂಟು ಹತ್ತಕ್ಕೆ ಇಳಿಸೋಣ ಎಂಬ ಮಾತು ಆಗ ಬಂದರೆ ನನಗೆ ಅದರಲ್ಲಿ ನಂಬಿಕೆಯಿಲ್ಲ. ಕಡಿಮೆ ಮಾಡಲು ಹೊರಟಾಗ ಏನು ಮರೆತುಹೋಗುತ್ತದೆ ಎಂದು ಆ ಕಾರಿಡಾರ್‌ನಲ್ಲಿ ಒಮ್ಮೆ ನೋಡಿಯಾಗಿದೆ. ಗುರಿ ಎಷ್ಟಾದರೂ ಇರಲಿ, ಪ್ರತಿಯೊಂದರ ಕೆಳಗೆ ಅಗೆಯುವ ಕೈ ಯಾರದು ಎಂದು ಬರೆಯಲಿ. ಬರೆಯುವಾಗ ಆ ಕೈಯವರು ಕೋಣೆಯಲ್ಲಿರಲಿ.

ಕರ್ನಾಟಕಕ್ಕೆ ಈ ಪಾಠ ಹಳೆಯದು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ನೀರ್‌ಸಾಬ್ ಆದರು. ಅಷ್ಟಕ್ಕೇ ನಿಲ್ಲದೆ ಅಧಿಕಾರವನ್ನೂ ಹಳ್ಳಿಗೆ ಕೊಟ್ಟರು. ಅವರು ತಂದ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆದಾಗ ಮಂಡಲ ಪಂಚಾಯಿತಿಗಳಲ್ಲಿ ಶೇ 25 ಸ್ಥಾನ ಹೆಣ್ಣುಮಕ್ಕಳಿಗೆ. ಪಂಚಾಯಿತಿಗಳ ವಿಚಾರದಲ್ಲಿ ಸಂವಿಧಾನಕ್ಕೆ 73ನೆಯ ತಿದ್ದುಪಡಿ ಬರಲು ಇನ್ನೂ ವರ್ಷಗಳಿದ್ದವು. ನೀರು ಹೊರುವವಳೇ ಬಾವಿ ಎಲ್ಲಿ ಬೇಕೆಂದು ಹೇಳುವ ವ್ಯವಸ್ಥೆ ಅದು.

2024ರ ಮೇ 3ರಂದು ಭಾರತದ ಮೂವರು ಪಂಚಾಯಿತಿ ಪ್ರತಿನಿಧಿಗಳು ವಿಶ್ವಸಂಸ್ಥೆಗೆ ಬಂದರು: ರಾಜಸ್ಥಾನದ ನೀರೂ ಯಾದವ್, ಆಂಧ್ರದ ಹೇಮಕುಮಾರಿ, ತ್ರಿಪುರಾದ ಸುಪ್ರಿಯಾ ದಾಸ್ ದತ್ತ. ಈ ಗುರಿಗಳನ್ನು ತಮ್ಮ ಹಳ್ಳಿಗಳಲ್ಲಿ ಹೇಗೆ ಕೈಗೂಡಿಸುತ್ತಿದ್ದೇವೆ ಎಂಬುದು ಅವರ ಮಾತಿನ ವಿಷಯ. ಭಾರತ 17 ಗುರಿಗಳನ್ನು ಪಂಚಾಯಿತಿಗಳಿಗಾಗಿ 9 ವಿಷಯಗಳಾಗಿ ಮಡಿಸಿಕೊಟ್ಟಿದೆ, ಅದರಲ್ಲಿ ನೀರು ಸಾಕಾಗುವ ಹಳ್ಳಿ ಒಂದು, ಹೆಣ್ಣುಮಕ್ಕಳಿಗೆ ಹಿತವಾದ ಹಳ್ಳಿ ಇನ್ನೊಂದು. ಪಂಚಾಯಿತಿ ಪ್ರತಿನಿಧಿಗಳ ಬಾಯಿಂದ ಇದೆಲ್ಲ ಆ ಕಟ್ಟಡದಲ್ಲಿ ಕೇಳಿಬಂದದ್ದು ನನಗೆ ಹೆಮ್ಮೆ. ಆದರೆ ಅದು ಮುಖ್ಯ ಅಧಿವೇಶನದ ಬದಿಗೆ ಏರ್ಪಡಿಸಿದ ಗೋಷ್ಠಿ. ಬರೆಯುವ, ತಿದ್ದುವ, ಮತ ಹಾಕುವ ಸಭಾಂಗಣ ಅದೇ ಆವರಣದಲ್ಲಿದೆ. ಅಲ್ಲಿ ಮೇಜಿನ ಮೇಲಿನ ಫಲಕಗಳಲ್ಲಿ ಇರುವುದು ದೇಶಗಳ ಹೆಸರು, ಊರುಗಳದಲ್ಲ. 70 ದೇಶಗಳನ್ನು 30 ಸ್ಥಾನಗಳಲ್ಲಿ ಕೂರಿಸಲು ಒಮ್ಮೆ ಜಾಗ ಮಾಡಿಕೊಂಡವರು ಅವರೇ. 2027ರ ಸೆಪ್ಟೆಂಬರ್‌ನಲ್ಲಿ ಇನ್ನಷ್ಟು ಸರಿದು ಕೂತರೆ, ನ್ಯೂವಾರ್ಕ್‌ಗೆ ಒಂದು, ಕರ್ನಾಟಕದ ಯಾವುದಾದರೂ ಹಳ್ಳಿಯ ಪಂಚಾಯಿತಿಗೆ ಒಂದು ಜಾಗ ಆದೀತು.