ಅಂಗನವಾಡಿಯೂ ನಮ್ಮ ಹಾಜರಿ ಪುಸ್ತಕವೂ

ನಮ್ಮ ಶಾಲೆಯ ಹಾಜರಿ ಪುಸ್ತಕವನ್ನು ತಿರುವಿದರೆ ಕೊಯ್ಲಿನ ತಿಂಗಳುಗಳಲ್ಲಿ ಕೆಲವು ಹುಡುಗಿಯರ ಹೆಸರಿನೆದುರು ಗೈರುಹಾಜರಿಯ ಗುರುತುಗಳು ಸಾಲಾಗಿ ಕಾಣುವವು. ಕಾರಣ ಕೇಳಿದರೆ, “ಟೀಚರಮ್ಮ, ಅವ್ವ ಕೂಲಿಗೆ ಹೋದಳು, ತಮ್ಮನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ” ಎಂಬ ಉತ್ತರವೇ ಬರುವದು. ಹುಡುಗಿಯನ್ನು ಗದರಿಸಿ ಫಲವಿಲ್ಲ. ಹಗಲಲ್ಲಿ ಕೂಸನ್ನು ಯಾರ ವಶಕ್ಕೆ ಕೊಡಬೇಕೆಂಬದೇ ಇಲ್ಲಿಯ ಪ್ರಶ್ನೆ. ಆದಕಾರಣ ಅಂಗನವಾಡಿಯ ವಿಷಯವಾಗಿ ಮಾತಾಪಿತೃಗಳಿಗೂ ಹಳೆಯ ವಿದ್ಯಾರ್ಥಿನಿಯರಿಗೂ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಭಾರತ ಸರಕಾರವು 1975ನೆಯ ಇಸವಿ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಮೊದಲನೆಯದು. ಆರು ವರುಷದೊಳಗಿನ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳುವಳಿಕೆ, ದೊಡ್ಡ ಮಕ್ಕಳಿಗೆ ಆಟಪಾಠ, ಇವೆಲ್ಲ ಅದರಲ್ಲಿ ಸೇರಿರುತ್ತವೆ.

ಆದರೆ ಅನೇಕ ಮನೆಯವರು ತಿಂಗಳಿಗೊಮ್ಮೆ ಚೀಲ ಹಿಡಿದು ಹೋಗಿ ಆಹಾರದ ಪೊಟ್ಟಣವನ್ನು ತರುವದಷ್ಟಕ್ಕೇ ತೃಪ್ತರಾಗುತ್ತಾರೆ. ಅಲ್ಲಿ ಮಗುವನ್ನು ತೂಗಿ ಪಟದಲ್ಲಿ ಗುರುತು ಹಾಕುವರು. ಆ ಗೆರೆಯು ಮೇಲಕ್ಕೇರುತ್ತದೋ ಇಳಿಯುತ್ತದೋ ಎಂದು ಕೇಳುವ ತಾಯಂದಿರು ವಿರಳ. ನೆರೆಮನೆಯ ಕೂಸಿಗಿಂತ ತನ್ನದು ದಪ್ಪಗಿದೆ ಎಂಬದೇ ಅವರಿಗೆ ಸಾಕು! ಮಗುವಿನ ತೂಕವು ತಿಂಗಳುಗಟ್ಟಲೆ ಏರದೆ ನಿಂತರೆ ಕಾರ್ಯಕರ್ತೆಯನ್ನು ವಿಚಾರಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟವನ್ನು ಕೇಂದ್ರದಲ್ಲಿಯೇ ಬಡಿಸಬೇಕೆಂದು ಗೊತ್ತುಮಾಡಿದರು. ಕೊಟ್ಟ ದವಸ ಮನೆ ಸೇರಿದರೆ ಎಲ್ಲರ ತಟ್ಟೆಗೂ ಹಂಚಿಹೋಗಿ, ತಾಯಿಯ ಪಾಲಿಗೆ ತಳದ ಅನ್ನವೇ ಉಳಿಯುವದು. ಇದನ್ನು ಬಲ್ಲವರಿಗೆ ಈ ಏರ್ಪಾಟಿನ ಉದ್ದೇಶ ತಿಳಿಯದಿರದು. ಆದರೂ ಮಲೆನಾಡಿನಲ್ಲಿ ಒಂಟಿಮನೆಯ ತುಂಬು ಬಸುರಿಯು ಗುಡ್ಡ ಹತ್ತಿಳಿದು ಊಟಕ್ಕೆ ಬರಬೇಕೆಂಬದು ನ್ಯಾಯವೆಂದು ನನಗೆ ತೋರುವದಿಲ್ಲ. ಬಾಣಂತಿಯನ್ನು ಹೊಸ್ತಿಲು ದಾಟಿಸದ ಅತ್ತೆಯಂದಿರೂ ಇದ್ದಾರೆ. ಅಂಥ ಮನೆಗೆ ಕಾರ್ಯಕರ್ತೆಯು ಬಂದಾಗ ಅತ್ತೆಯನ್ನೂ ಕೂಡಿಸಿಕೊಂಡು ಮಾತನಾಡುವದು ಒಳ್ಳೆಯದು.

ಮೂರು ತುಂಬಿದ ಮಕ್ಕಳು ದಿನವೂ ಅಂಗನವಾಡಿಯಲ್ಲಿ ಕೂಡ್ರುವರು. ಅದಕ್ಕಿಂತ ಚಿಕ್ಕ ಕೂಸುಗಳದ್ದೇ ತೊಡಕು. ಇದರ ನಿಮಿತ್ತ 2023-24ರಲ್ಲಿ ನಮ್ಮ ರಾಜ್ಯವು ಗ್ರಾಮ ಪಂಚಾಯತಿಗಳ ಮೂಲಕ ‘ಕೂಸಿನ ಮನೆ’ಗಳನ್ನು ತೆರೆಯಲಾರಂಭಿಸಿತು, ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು, ತರಬೇತಿ ಹೊಂದಿದ ಊರಿನ ಹೆಂಗಸರೇ ಅಲ್ಲಿ ನೋಡಿಕೊಳ್ಳುವರು. ನಿಮ್ಮ ಪಂಚಾಯತಿಯಲ್ಲಿ ಅಂಥದೊಂದು ಇದೆಯೋ, ಎಷ್ಟು ಹೊತ್ತು ತೆರೆದಿರುವದು, ಇವನ್ನು ಕೊಯ್ಲಿಗೆ ಮೊದಲೇ ವಿಚಾರಿಸಿರಿ. ಹಿಂದೆ ಹೇಳಿದ ಹುಡುಗಿಯ ತಮ್ಮನು ಈಗ ಅಂಗನವಾಡಿಗೆ ಹೋಗುತ್ತಾನೆ. ಅವಳು ಬೆಳಿಗ್ಗೆ ಅವನನ್ನು ಬಿಟ್ಟು ಬರುವದರಿಂದ ಪ್ರಾರ್ಥನೆಯ ಗಂಟೆಗೆ ಸ್ವಲ್ಪ ತಡವಾಗುತ್ತದೆ. ಆ ತಡವನ್ನು ನಾನು ಬರೆದುಕೊಳ್ಳುವದಿಲ್ಲ.